ಲವಂಗದ ದ್ವೀಪದಲ್ಲಿ ಹಾಡು ಕೇಳುತ್ತಾ

ಜಾಂಜಿಬಾರ್ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ಲವಂಗದ ಜೊತೆಗೆ. ಮಂಗಳೂರಿನ ಬಂದರಿನ ಅಂಗಡಿಯಿಂದ ಅಬ್ಬ ತರುತ್ತಿದ್ದ ಕಾಗದದ ಪೊಟ್ಟಣವನ್ನು ಬಿಚ್ಚಿ, ಅಜ್ಜಿ ಒಂದು ಲವಂಗವನ್ನು ಎತ್ತಿ ಉಗುರಿನಿಂದ ಒತ್ತಿ ನೋಡುತ್ತಿದ್ದರು. ಎಣ್ಣೆ ಒಸರಿದರೆ "ಇದು ಜಾಂಜಿಬಾರಿನದ್ದು" ಎಂದು ಒಳಗೆ ಕೊಂಡೊಯ್ಯುವರು. ಒಸರದಿದ್ದರೆ ಅಂಗಡಿಯವನ ಏಳು ತಲೆಮಾರಿಗೂ ಆ ದಿನ ನೆಮ್ಮದಿಯಿಲ್ಲ. ಆ ಜಾಂಜಿಬಾರ್ ಎಲ್ಲಿದೆ ಎಂಬುದು ಅಜ್ಜಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅಕ್ಕ-ತಂಗಿಯರಾದ ನಾವಿಬ್ಬರು 2024ರ ಫೆಬ್ರವರಿಯಲ್ಲಿ ಅಲ್ಲಿಗೆ ಹೋದೆವು. ನಮ್ಮಲ್ಲಿ ಚಿಕ್ಕವಳ ಗಂಡನಿಗೆ ಆಗ ತಾಂಜಾನಿಯಾದ ದಾರುಸ್ಸಲಾಮ್‌ನಲ್ಲಿ ಕೆಲಸ. ಅಲ್ಲಿಂದ ಜಾಂಜಿಬಾರಿಗೆ ಫೆರಿಯಲ್ಲಿ ಎರಡು ಗಂಟೆಯ ದಾರಿ. ಗಂಡಸರಿಗೆ ರಜೆ ಸಿಗಲಿಲ್ಲ, ಮಕ್ಕಳಿಗೆ ಪರೀಕ್ಷೆ. ನಾವಿಬ್ಬರೇ ಹೊರಟೆವು. ಊರಿಗೆ ಫೋನ್ ಮಾಡಿದಾಗ ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಮಾಝಿಗೆ ಜಾಗ ಉಂಟಾ?" ಬಹುಪಾಲು ಎಲ್ಲರೂ ಮುಸ್ಲಿಮರೇ ಇರುವ, ಗಲ್ಲಿಗೊಂದು ಮಸೀದಿ ಇರುವ ಊರು ಅದು ಎಂದು ಹೇಳಿದ ಮೇಲೆ ಸಮಾಧಾನವಾಯಿತು. ನಾವು ಹೋಗುತ್ತಿರುವುದು ಹಾಡು ಕೇಳುವುದಕ್ಕೆ ಎಂದು ಮಾತ್ರ ಹೇಳಲಿಲ್ಲ.

ಆ ದ್ವೀಪಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಳ್ಳನೆಯ ಮರಳಿಗಾಗಿ ಬರುತ್ತಾರೆ. ಉಳ್ಳಾಲ, ಸುರತ್ಕಲ್ ನೋಡಿ ಬೆಳೆದ ನಮಗೆ ಸಮುದ್ರ ನೋಡಲು ಸಮುದ್ರ ದಾಟಬೇಕಾಗಿರಲಿಲ್ಲ. ನಾವು ನಾಲ್ಕು ದಿನವೂ ಸ್ಟೋನ್ ಟೌನ್ ಬಿಟ್ಟು ಹೊರಗೆ ಹೋಗಲಿಲ್ಲ. 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆ ಅದು. ಹವಳದ ಕಲ್ಲು ಮತ್ತು ಸುಣ್ಣದ ಮನೆಗಳು, ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಓಣಿಗಳು. ಪ್ರತಿ ಮನೆಗೂ ಒಂದು ಕೆತ್ತನೆಯ ಬಾಗಿಲು. ಮೇಲೆ ಕಮಾನಿದ್ದು ಹಿತ್ತಾಳೆಯ ಮೊಳೆಗಳಿದ್ದರೆ ಅದು ಭಾರತದ ರೀತಿಯದ್ದು, ಚೌಕವಾಗಿದ್ದು ಮೇಲಿನ ಪಟ್ಟಿಯಲ್ಲಿ ಅರಬ್ಬಿ ಬರಹವಿದ್ದರೆ ಅರಬರ ರೀತಿಯದ್ದು ಎಂದು ಒಬ್ಬ ಹುಡುಗ ಹೇಳಿಕೊಟ್ಟ. ಬಳಿಕ ನಾವೇ ಬಾಗಿಲು ನೋಡಿ ಯಾರ ಮನೆ ಇದ್ದಿರಬಹುದು ಎಂದು ಪಂದ್ಯ ಕಟ್ಟುತ್ತಾ ನಡೆದೆವು. ಬಾಗಿಲುಗಳು ಉಳಿದಿವೆ, ಮನೆಯವರಲ್ಲಿ ಅನೇಕರು ಈಗಿಲ್ಲ. 1964ರ ಜನವರಿಯ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಮುಗಿಯಿತು. ಅರಬರು, ಭಾರತೀಯರು ಸಾವಿರಗಟ್ಟಲೆ ಸತ್ತರು ಇಲ್ಲವೆ ಊರು ಬಿಟ್ಟರು. ಆ ಬಿಟ್ಟುಹೋದವರಲ್ಲೊಬ್ಬ ತರುಣ, ಅಬ್ದುಲ್‌ರಝಾಕ್ ಗುರ್ನಾ, 2021ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು.

ಭಾಷೆಯ ಮಟ್ಟಿಗೆ ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಸ್ವಾಹಿಲಿಯಲ್ಲಿ ಪುಸ್ತಕಕ್ಕೆ ಕಿತಾಬು, ಸುದ್ದಿಗೆ ಹಬಾರಿ, ಲೋಕಕ್ಕೆ ದುನಿಯಾ, ಅಂಗಡಿಗೆ ದುಕಾ, ವಾಹನಕ್ಕೆ ಗಾರಿ, ಚಹಾಕ್ಕೆ ಚಾಯಿ. ಅರಬ್ಬಿಯಿಂದ ಬಂದದ್ದು ಕೆಲವು, ನಮ್ಮ ಕಡೆಯಿಂದ ಹಡಗು ಹತ್ತಿ ಹೋದದ್ದು ಕೆಲವು. ಡಿಸೆಂಬರಿನಿಂದ ಮಾರ್ಚಿನವರೆಗೆ ಬೀಸುವ ಈಶಾನ್ಯದ ಗಾಳಿಗೆ ಅಲ್ಲಿ 'ಕಸ್ಕಾಝಿ' ಎನ್ನುತ್ತಾರೆ. ಅರಬ್ಬೀ ಸಮುದ್ರದ ಪಾಯಿಹಡಗುಗಳು ಆ ಗಾಳಿ ಹಿಡಿದು ಅಲ್ಲಿಗೆ ಹೋಗಿ, ನೈರುತ್ಯದ 'ಕೂಸಿ' ಗಾಳಿ ಹಿಡಿದು ಮರಳುತ್ತಿದ್ದವು. ನಾವು ಹೋದದ್ದೂ ಕಸ್ಕಾಝಿಯ ಕಾಲದಲ್ಲೇ. ಫೊರೊಧಾನಿ ಎಂಬ ಕಡಲ ಬದಿಯ ತೋಟದಲ್ಲಿ ಸಂಜೆ ಒಲೆಗಳು ಹೊತ್ತಿಕೊಳ್ಳುತ್ತವೆ. ಅಲ್ಲಿ ಉರೋಜೊ ಎಂಬ ಹಳದಿ ಬಣ್ಣದ ಹುಳಿ ಸಾರು ಕುಡಿದೆವು. ಅದರೊಳಗೆ ಬಜ್ಜಿ, ಆಲೂಗಡ್ಡೆ, ಮಾವಿನಕಾಯಿಯ ಹುಳಿ. ಚಿಕ್ಕವಳು ಎರಡನೇ ಬಟ್ಟಲು ತರಿಸಿಕೊಂಡಳು.

ನಮ್ಮನ್ನು ಅಲ್ಲಿಗೆ ಎಳೆದದ್ದು 'ಸೌತಿ ಝಾ ಬುಸಾರಾ' ಎಂಬ ಸಂಗೀತೋತ್ಸವ. 'ವಿವೇಕದ ದನಿಗಳು' ಎಂದು ಅದರ ಅರ್ಥ. 2004ರಿಂದ ಫೆಬ್ರವರಿಯಲ್ಲಿ ನಡೆಯುತ್ತದೆ. 2016ರಲ್ಲಿ ಮಾತ್ರ ಹಣ ಸಾಲದೆ ನಡೆಯಲಿಲ್ಲ. ಜಾಗ ಹಳೆಯ ಕೋಟೆಯ ಒಳಗಿನ ಅಂಗಳ. ಪೋರ್ಚುಗೀಸರನ್ನು ಓಡಿಸಿದ ಮೇಲೆ ಒಮಾನಿನ ಅರಬರು 17ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಕೋಟೆ. ಅದೇ ಪೋರ್ಚುಗೀಸರೊಂದಿಗೆ ಉಳ್ಳಾಲದ ಅಬ್ಬಕ್ಕ ರಾಣಿ ಕಾದಾಡಿದ ಕತೆ ಕೇಳಿ ಬೆಳೆದವರಾದ್ದರಿಂದ ಆ ಗೋಡೆಗಳ ಮೇಲೆ ನಮಗೆ ಸ್ವಲ್ಪ ಮಮತೆ ಬಂತು. ಆಫ್ರಿಕಾದ ನಾನಾ ಕಡೆಯ ತಂಡಗಳು ಬಂದಿದ್ದವು. ಡೋಲುಗಳು ಎದೆಯ ಒಳಗೇ ಬಡಿಯುತ್ತವೆ. ಆದರೆ ನಿಜ ಹೇಳುವುದಾದರೆ ಎರಡನೇ ರಾತ್ರಿಗೆ ನಮಗೆ ಸಾಕಾಯಿತು. ಧ್ವನಿವರ್ಧಕ ಜೋರು, ಮೊಬೈಲ್ ಎತ್ತಿ ಹಿಡಿದ ಕೈಗಳ ಕಾಡು, ಅರ್ಧ ಜನ ಯುರೋಪಿನವರು. ಊರವರಿಗೆ ಕಡಿಮೆ ದರದ ಟಿಕೇಟು ಇಟ್ಟಿದ್ದರಿಂದ ಊರಿನ ಹೆಂಗಸರೂ ಬಂದಿದ್ದರು, ಆದರೆ ಅವರು ಹಿಂದಿನ ಸಾಲಿನಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದರು. ನಾವು ಹೋಗಿ ಅವರ ನಡುವೆ ಕೂತೆವು. ಪಕ್ಕದಲ್ಲಿದ್ದ, ನಮ್ಮ ಉಮ್ಮನಿಗಿಂತ ಸ್ವಲ್ಪ ಕಿರಿಯಳಾದ ಹೆಂಗಸು, ಹಳೆಯ ಶಾಲಾ ಶಿಕ್ಷಕಿಯಂತೆ, ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದಳು: "ಇದನ್ನು ಕೇಳಲಿಕ್ಕೆ ಅಷ್ಟು ದೂರದಿಂದ ಬಂದಿರಾ? ನಾಳೆ ಸಂಜೆ ನನ್ನ ಜೊತೆ ಬನ್ನಿ. ತಾರಬ್ ಕೇಳಿಸುತ್ತೇನೆ."

ತಾರಬ್ ಎಂದರೆ ಏನು ಎಂದು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಅರಬ್ಬಿಯ 'ತರಬ್', ಸಂಗೀತ ಕೇಳಿ ಮನಸ್ಸು ಕದಲುವುದು, ಅದರ ಮೂಲ. 1870ರಿಂದ 1888ರ ತನಕ ಆಳಿದ ಸುಲ್ತಾನ್ ಬರ್ಗಾಶ್ ಈಜಿಪ್ಟಿನಿಂದ ಈ ಸಂಗೀತವನ್ನು ತನ್ನ ಅರಮನೆಗೆ ತರಿಸಿದ ಎಂದು ಅಲ್ಲಿನವರು ಹೇಳುತ್ತಾರೆ. ಈ ಬರ್ಗಾಶ್ ಪಟ್ಟಕ್ಕೆ ಬರುವ ಮೊದಲು ಅಣ್ಣನ ವಿರುದ್ಧ ಬಂಡೆದ್ದು ಸೋತು ಮುಂಬಯಿಯಲ್ಲಿ ಎರಡು ವರ್ಷ ಗಡೀಪಾರಿನಲ್ಲಿದ್ದವನು. ಅಚ್ಚರಿಯ ಮನೆ ಎಂಬರ್ಥದ 'ಬೈತುಲ್ ಅಜಾಇಬ್' ಕಟ್ಟಿಸಿದ್ದೂ ಅವನೇ, 1883ರಲ್ಲಿ. ಆ ಊರಲ್ಲಿ ಮೊದಲು ವಿದ್ಯುದ್ದೀಪ ಕಂಡ ಕಟ್ಟಡ ಅದು. ದುರಸ್ತಿ ನಡೆಯುತ್ತಿದ್ದಾಗಲೇ 2020ರ ಡಿಸೆಂಬರ್ 25ರಂದು ಅದರ ಒಂದು ಭಾಗ ಕುಸಿದು ಕೆಲಸಗಾರರು ಸತ್ತರು. ನಾವು ಬೇಲಿಯ ಹೊರಗಿನಿಂದ ನೋಡಿ ಬಂದೆವು.

ಅರಮನೆಯ ತಾರಬ್ ಅರಬ್ಬಿಯಲ್ಲಿತ್ತು, ಗಂಡಸರದ್ದಾಗಿತ್ತು. 1905ರಲ್ಲಿ ಊರಿನ ಗಂಡಸರು 'ಇಖ್ವಾನಿ ಸಫಾ' ಎಂಬ ಸಂಗೀತ ಸಂಘ ಕಟ್ಟಿದರು. ಅದನ್ನು ಅರಮನೆಯಿಂದ, ದಿವಾನಖಾನೆಗಳಿಂದ ಹೊರಗೆ ತಂದು ಸ್ವಾಹಿಲಿಯ ಬಾಯಿಗೆ ಹಾಕಿದವಳು ಒಬ್ಬ ಹೆಂಗಸು. ಹೆಸರು ಸೀತಿ ಬಿಂತಿ ಸಾದ್. 1880ರ ಸುಮಾರಿಗೆ ಫುಂಬಾ ಎಂಬ ಹಳ್ಳಿಯಲ್ಲಿ, ಮಡಕೆ ಮಾಡುವ ಬಡವರ ಮನೆಯಲ್ಲಿ ಹುಟ್ಟಿದವಳು. ಮಡಕೆ ಹೊತ್ತು ಕೂಗುತ್ತಾ ಮಾರಿಯೇ ಗಂಟಲು ಪಳಗಿತು ಎನ್ನುತ್ತಾರೆ. 1911ರಲ್ಲಿ ಪೇಟೆಗೆ ಬಂದಳು. ಇಖ್ವಾನಿ ಸಫಾದ ಒಬ್ಬ ಕಲಾವಿದನಿಂದ ಹಾಡು ಕಲಿತಳು. 1928ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗಾಗಿ ಆಕೆಯ ಹಾಡುಗಳು ಧ್ವನಿಮುದ್ರಣಗೊಂಡದ್ದು ನಮ್ಮ ಮುಂಬಯಿಯಲ್ಲಿ. ಹಡಗು ಹತ್ತಿ ಬಂದು ಹಾಡಿ ಹೋದಳು. ಮುಂದೆ ಹಿಂದಿ ಸಿನಿಮಾದ ಧಾಟಿಗಳು ಹಾಗೆಯೇ ಸಮುದ್ರ ದಾಟಿ ತಾರಬ್ ಸೇರಿಕೊಂಡವು.

ತಂದೆತಾಯಿ ಆಕೆಗೆ ಇಟ್ಟ ಹೆಸರು ಸೀತಿ ಅಲ್ಲ. 'ಮ್ತುಮ್ವಾ' ಎಂದಿತ್ತು. ಸ್ವಾಹಿಲಿಯಲ್ಲಿ ಹಾಗೆಂದರೆ ಗುಲಾಮ. ಸೀತಿ, ಅಂದರೆ ಗೌರವಸ್ಥ ಮಹಿಳೆ, ಆಮೇಲೆ ಬಂದ ಹೆಸರು.

ಈ ಸಂಗತಿ ಗೊತ್ತಾದದ್ದು ಬೆಳಿಗ್ಗೆ, ನಾವು ಗುಲಾಮರ ಸಂತೆ ನಡೆಯುತ್ತಿದ್ದ ಜಾಗಕ್ಕೆ ಹೋಗಿ ಬಂದ ದಿನವೇ. 1873ರಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಅದೇ ಬರ್ಗಾಶ್ ಆ ಸಂತೆಯನ್ನು ಮುಚ್ಚಿಸಿದ. ಗುಲಾಮಗಿರಿ ಕಾನೂನಿನಲ್ಲಿ ಹೋಗುವಾಗ 1897 ಆಯಿತು. ಸಂತೆಯ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ಇದೆ. ಪಕ್ಕದಲ್ಲಿ ತಗ್ಗು ಗೂಡುಗಳಂಥ ನೆಲಮಾಳಿಗೆ ತೋರಿಸುತ್ತಾರೆ, ಗುಲಾಮರನ್ನು ಕೂಡಿಟ್ಟದ್ದು ಅಲ್ಲೇ ಎನ್ನುತ್ತಾರೆ. ಇತಿಹಾಸ ಬಲ್ಲವರಲ್ಲಿ ಕೆಲವರಿಗೆ ಅದರ ಬಗ್ಗೆ ಸಂಶಯವಿದೆ. ಸಂಶಯವಿಲ್ಲದ್ದು ಹೊರಗಿನ ಅಂಗಳದ ಹೊಂಡ. ಅದರಲ್ಲಿ ಸ್ವೀಡನ್ನಿನ ಕ್ಲಾರಾ ಸೋರ್ನಾಸ್ 1998ರಲ್ಲಿ ಮಾಡಿದ ಐದು ಕಾಂಕ್ರೀಟು ಮೂರ್ತಿಗಳು ಸೊಂಟಮಟ್ಟ ಹೂತಂತೆ ನಿಂತಿವೆ, ಕುತ್ತಿಗೆಗೆ ಸರಪಳಿ. ಆ ವ್ಯಾಪಾರ ಮಾಡಿದವರು ಯಾರು? ಅರಬರು, ಸ್ವಾಹಿಲಿಗಳು, ಅಂದರೆ ಐದು ಹೊತ್ತು ನಮಾಝ್ ಮಾಡುತ್ತಿದ್ದವರು. ಅವರಿಗೆ ಬಂಡವಾಳ ಕೊಟ್ಟವರಲ್ಲಿ ಕಚ್ಛ್‌ನ ಸಾಹುಕಾರರಿದ್ದರು. ಲವಂಗದ ತೋಟಗಳಲ್ಲಿ ದುಡಿದದ್ದು ಆ ಗುಲಾಮರೇ. ಬಿಲಾಲ್(ರ)ರ ಕತೆಯನ್ನು ಮದ್ರಸದಲ್ಲಿ ಕಣ್ಣೀರಿನೊಂದಿಗೆ ಕೇಳಿದ ನಾವು ಆ ಹೊಂಡದ ಬದಿಯಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಅಜ್ಜಿ ಉಗುರಿನಿಂದ ಒತ್ತಿ ನೋಡುತ್ತಿದ್ದ ಲವಂಗ ನೆನಪಾಯಿತು. ಅಜ್ಜಿಯ ಕಾಲಕ್ಕೆ ಗುಲಾಮಗಿರಿ ಮುಗಿದಿತ್ತು, ಹೌದು. ಆದರೂ ನೆನಪಾಯಿತು.

ಸೀತಿ ಪೇಟೆಗೆ ಬಂದು ಹಾಡತೊಡಗಿದಾಗ ದೊಡ್ಡ ಮನೆಯವರು ಆಕೆಯ ಹುಟ್ಟನ್ನೂ ಮುಖವನ್ನೂ ಆಡಿಕೊಂಡರು. ರೂಪವೂ ಇಲ್ಲ, ಕುಲವೂ ಇಲ್ಲ, ಇವಳಿಗೇನಿದೆ ಎಂದರು. ಆಕೆ ಅದಕ್ಕೂ ಹಾಡಿನಲ್ಲೇ ಉತ್ತರ ಕೊಟ್ಟಳು. ಊರಿನ ಅನ್ಯಾಯಗಳನ್ನೆಲ್ಲ ಹಾಡಾಗಿ ಕಟ್ಟಿದಳು. 'ಕಿಜಿತಿ' ಎಂಬ ಹಾಡು ಈಗಲೂ ಜನರ ಬಾಯಲ್ಲಿದೆ. ಊರಿಗೆ ಅತಿಥಿಯಾಗಿ ಬಂದಿದ್ದ ಹೆಣ್ಣೊಬ್ಬಳನ್ನು ಒಬ್ಬ ಕೊಂದು ಪರಾರಿಯಾದ. ಶಿಕ್ಷೆಯಾದದ್ದು ಆಕೆಯ ಜೊತೆಗಿದ್ದ ಹೆಂಗಸರಿಗೆ. ಪತ್ರಿಕೆ ಓದಲು ಬಾರದ ಹೆಂಗಸರಿಗೆ ಆ ಹಾಡೇ ಪತ್ರಿಕೆ, ಆ ಹಾಡೇ ಮೇಲ್ಮನವಿ. ಆಕೆ ತೀರಿಕೊಂಡದ್ದು 1950ರಲ್ಲಿ. ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್ ಆಕೆಯ ಜೀವನಚರಿತ್ರೆ ಬರೆದರು.

ಮರುದಿನ ಇಶಾ ಮುಗಿಸಿ ಆ ಶಿಕ್ಷಕಿಯ ಜೊತೆ ಹೊರಟೆವು. ಆಕೆಯನ್ನು ನಾವು 'ಬೀ' ಎಂದೇ ಕರೆಯತೊಡಗಿದ್ದೆವು. ಹಿರಿಯ ಹೆಂಗಸರಿಗೆ ಅಲ್ಲಿ ಹಾಗೆಯೇ ಎನ್ನುತ್ತಾರೆ, ನಮ್ಮ ಬೀಬಿಯ ಹಾಗೆ. ಆಕೆಯ ಮಗ ಕಾರಿನಲ್ಲಿ ನಮ್ಮನ್ನು ಕರೆತಂದು ಬಾಗಿಲಲ್ಲಿ ಇಳಿಸಿದ. ಗಡ್ಡ ಬಿಟ್ಟ, ನೆಲ ನೋಡಿ ಮಾತಾಡುವ ಯುವಕ. ಒಳಗೆ ಬಾ ಎಂದರೆ ನಕ್ಕು, ಹನ್ನೊಂದಕ್ಕೆ ಬರುತ್ತೇನೆ ಎಂದು ಹೊರಟುಹೋದ.

ಒಳಗೆ ಹಳೆಯ ಸಂಘವೊಂದರ ಸಭಾಂಗಣ. ಹೆಂಚಿನ ಮಾಡಿಲ್ಲ, ತಗಡು. ಫ್ಯಾನುಗಳು ಗಾಳಿಗಿಂತ ಸದ್ದು ಹೆಚ್ಚು ಮಾಡುತ್ತಿದ್ದವು. ವೇದಿಕೆಯಲ್ಲಿ ನಾಲ್ಕೈದು ಪಿಟೀಲು, ಎರಡು ಅಕಾರ್ಡಿಯನ್, ಊದ್, ಬಿದಿರಿನ ಕೊಳಲಿನಂಥ ನಾಯ್, ಎದೆಯೆತ್ತರದ ಡಬಲ್ ಬಾಸ್, ಮಡಿಲಲ್ಲಿಟ್ಟು ಮೀಟುವ ಎಪ್ಪತ್ತಕ್ಕೂ ಹೆಚ್ಚು ತಂತಿಗಳ ಕಾನೂನ್. ವಾದ್ಯದ ಹೆಸರೂ ಕಾನೂನ್, ನಮ್ಮ ಕೋರ್ಟಿನದ್ದೂ ಕಾನೂನು, ಮೂಲ ಪದ ಒಂದೇ. ಇದನ್ನು ಕೇಳಿದರೆ ಕೋರ್ಟಿನದ್ದಕ್ಕಿಂತ ಬೇಗ ನ್ಯಾಯ ಸಿಕ್ಕಂತಾಗುತ್ತದೆ ಎಂದಳು ಚಿಕ್ಕವಳು. ಕಾನೂನ್ ಮೀಟುತ್ತಿದ್ದವಳು ತಲೆಗೆ ಹಿಜಾಬ್ ಸುತ್ತಿದ್ದ ಇಪ್ಪತ್ತರ ಹುಡುಗಿ. ಹಿಂದೆ ಹೆಂಗಸರು ಹಾಡುವುದಿತ್ತೇ ಹೊರತು ವಾದ್ಯ ಗಂಡಸರ ಕೈಯಲ್ಲಿತ್ತು. ಈಗ 'ತೌಸಿ', ಅಂದರೆ ನವಿಲು, ಎಂಬ ಹೆಂಗಸರದ್ದೇ ತಂಡವಿದೆ, ಪಿಟೀಲಿನಿಂದ ಡೋಲಿನವರೆಗೆ ಎಲ್ಲವೂ ಅವರದ್ದೇ. 'ಧೋ ಕಂಟ್ರೀಸ್ ಮ್ಯೂಸಿಕ್ ಅಕಾಡೆಮಿ' ಎಂಬ ಸಂಗೀತ ಶಾಲೆಯಲ್ಲಿ ಇಂಥ ಹುಡುಗಿಯರು ಕಲಿಯುತ್ತಾರೆ. 2019ರಲ್ಲಿ ಆ ಶಾಲೆಯೂ ಹಣವಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಕಡಲ ಬದಿಯ ಹೋಟೆಲುಗಳಿಗೆ ಇರುವ ಹಣದಲ್ಲಿ ಒಂದು ಪಾಲು ಇಲ್ಲಿಗೆ ಬಂದರೆ ಸಾಕಿತ್ತು ಎಂದು ನಮಗೆ ಅನ್ನಿಸಿತು.

ಹಾಡು ಶುರುವಾಗುವ ಮೊದಲೇ ವಾದ್ಯಗಳು ಬಹಳ ಹೊತ್ತು ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ನಂತರ ದಪ್ಪ ದೇಹದ, ಐವತ್ತು ದಾಟಿದ ಹೆಂಗಸು ಎದ್ದು ಮೈಕಿನ ಮುಂದೆ ಬಂದರು. ಮೈ ಅಲುಗಿಸಲಿಲ್ಲ, ಕೈ ಆಡಿಸಲಿಲ್ಲ. ನಿಂತಲ್ಲೇ ನಿಂತು, ಯಾರಿಗೋ ಬುದ್ಧಿ ಹೇಳುವವರ ಹಾಗೆ ಹಾಡಿದರು. ಮೊದಲ ಕೊನೆ ಬಂದಾಗ ಸಭೆಯಿಂದ ಕಪ್ಪು ಬೂಯಿಬೂಯಿ, ಅಂದರೆ ನಮ್ಮ ಬುರ್ಖಾದಂಥದ್ದು, ತೊಟ್ಟ ಒಬ್ಬಾಕೆ ಎದ್ದರು. ಕೈಯಲ್ಲಿ ನೋಟು ಎತ್ತಿ ಹಿಡಿದು, ಅವಸರವಿಲ್ಲದೆ, ತೇಲುವ ಹಾಗೆ ನಡೆದು ಹೋಗಿ ಹಾಡುವವರ ಕೈಗೆ ಕೊಟ್ಟರು. ಇನ್ನೊಬ್ಬರು, ಮತ್ತೊಬ್ಬರು. ಬೀ ನಮ್ಮ ಕಿವಿಯಲ್ಲಿ ಹೇಳಿದರು: ಯಾವ ಸಾಲಿಗೆ ಎದ್ದರು ಎಂಬುದೇ ಮುಖ್ಯ. ಗಂಡ ಎರಡನೇ ಮದುವೆಯಾದವಳು ಒಂದು ಸಾಲಿಗೆ ಏಳುತ್ತಾಳೆ. ನೆರೆಮನೆಯವಳ ಚಾಡಿಗೆ ಉತ್ತರ ಕೊಡಬೇಕಾದವಳು ಇನ್ನೊಂದಕ್ಕೆ. ಬಾಯಿ ಬಿಟ್ಟು ಹೇಳಲಾಗದ್ದನ್ನು ಎದ್ದು ನಡೆದು ಹೇಳುತ್ತಾರೆ. ಯಾರನ್ನು ಕುರಿತು ಎಂಬುದು ಸಭೆಗೆ ಗೊತ್ತಾಗುತ್ತದೆ, ಆದರೆ ಯಾರೂ ಹಿಡಿದು ಕೇಳುವಂತಿಲ್ಲ. ನಾಲ್ಕನೇ ಹಾಡಿಗೆ ನಮ್ಮಲ್ಲಿ ಚಿಕ್ಕವಳು ಎರಡು ಸಾವಿರ ಶಿಲ್ಲಿಂಗಿನ ನೋಟು, ಅಂದರೆ ಸುಮಾರು 65 ರೂಪಾಯಿ, ಹಿಡಿದು ಎದ್ದೇಬಿಟ್ಟಳು. ದೊಡ್ಡವಳು ಶಾಲಿನ ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ. ಯಾವ ಸಾಲಿಗೆ ಎದ್ದಳೋ ಅವಳಿಗೂ ತಿಳಿಯದು. ಸಭೆ ಮಾತ್ರ ಜೋರಾಗಿ ನಕ್ಕು ಕೇಕೆ ಹಾಕಿತು. ಅದರ ಅರ್ಥವನ್ನು ಬೀ ಕೊನೆಗೂ ಹೇಳಲಿಲ್ಲ.

ನಡುವೆ ಬಿಡುವಿನಲ್ಲಿ ಬೀ ತಮ್ಮ ಮೊಬೈಲಿನಲ್ಲಿ ಬೀ ಕಿದುದೆಯ ಹಳೆಯ ಹಾಡೊಂದನ್ನು ಕೇಳಿಸಿದರು. ಫಾತುಮಾ ಬಿಂತಿ ಬರಾಕಾ ಆಕೆಯ ನಿಜ ಹೆಸರು, ತೆಂಗಿನಕಾಯಿ ವ್ಯಾಪಾರಿಯ ಮಗಳು, ಸೀತಿಯ ಹಾಡು ಕೇಳಿ ಕಲಿತವಳು. ವಯಸ್ಸು ಎಷ್ಟೆಂದು ಆಕೆಗೂ ಸರಿಯಾಗಿ ಗೊತ್ತಿರಲಿಲ್ಲ. 2013ರ ಏಪ್ರಿಲ್ 17ರಂದು ತೀರಿಕೊಂಡಾಗ ನೂರು ದಾಟಿತ್ತು ಎಂದು ಊರವರ ಲೆಕ್ಕ. ಕೊನೆಯ ವರ್ಷಗಳವರೆಗೂ ಲೋಕವೆಲ್ಲ ಸುತ್ತಿ ಹಾಡಿದಳು, ಡೋಲು ಬಡಿದಳು. ಸಿಗರೇಟು ಸೇದುತ್ತಿದ್ದಳು, ಕುಡಿಯುತ್ತಿದ್ದಳು ಎಂಬುದನ್ನೂ ಬೀ ಮುಚ್ಚಿಡಲಿಲ್ಲ. "ಅದು ಅವಳ ಮತ್ತು ಅಲ್ಲಾಹನ ನಡುವಿನ ಲೆಕ್ಕ. ಹಾಡು ನಮ್ಮದು" ಎಂದರು. ಆ ದನಿ ಒರಟು, ಮರದ ತೊಗಟೆಯಂಥದ್ದು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂಬುದು ಕೂಡ ಕೇಳಿಸುತ್ತದೆ.

ಅದನ್ನು ಕೇಳಿ ನಮ್ಮಿಬ್ಬರಿಗೂ ಒಟ್ಟಿಗೇ ಅಜ್ಜಿ ನೆನಪಾದರು. ಅದು ಮುಖ ನೋಡಿಕೊಂಡಾಗಲೇ ಗೊತ್ತಾಯಿತು.

"ನಿಮ್ಮಲ್ಲಿ ಹೆಂಗಸರು ಹಾಡುವುದಿಲ್ಲವೇ?" ಎಂದು ಬೀ ಕೇಳಿದರು.

ಹಾಡುತ್ತಿದ್ದರು. ಬ್ಯಾರಿ ಮನೆಗಳ ಮದರಂಗಿ ರಾತ್ರಿಯಲ್ಲಿ ಮದುಮಗಳನ್ನು ನಡುವೆ ಕೂರಿಸಿ, ಸುತ್ತ ಹೆಂಗಸರು ಕೈತಟ್ಟಿ ಹಾಡುತ್ತಿದ್ದರು. ನಮ್ಮ ಅಜ್ಜಿ ಇಲ್ಲದೆ ನಮ್ಮ ಕಡೆಯ ಮದುವೆಗಳು ನಡೆಯುತ್ತಿರಲಿಲ್ಲ. ಓದು ಬರಹ ಎಂದರೆ ಅರಬ್ಬಿ ಲಿಪಿಯ ಮಲಯಾಳದ ಕಿತಾಬುಗಳು ಮಾತ್ರ. ಹೆರಿಗೆಯ ಮನೆಯಲ್ಲಿ ನಫೀಸತ್ ಮಾಲೆ ಓದಲು ಅವರನ್ನೇ ಕರೆಯುತ್ತಿದ್ದರು. ಮದುವೆಯ ಹಾಡುಗಳಂತೂ ಯಾವ ಕಿತಾಬಿನಲ್ಲೂ ಇರಲಿಲ್ಲ, ತಲೆಯಲ್ಲಿದ್ದವು. ಬೀಗರನ್ನು ಛೇಡಿಸುವ ಸಾಲುಗಳನ್ನು ಆ ಹೊತ್ತಿಗೆ ಅಲ್ಲೇ ಕಟ್ಟಿ ಸೇರಿಸುತ್ತಿದ್ದರು.

ತೊಂಬತ್ತರ ದಶಕದ ಒಂದು ಮದುವೆ. ಗಂಡಿನ ಕಡೆಯ ಒಬ್ಬ ಯುವಕ ಬಾಗಿಲಲ್ಲಿ ನಿಂತು, ಹೆಂಗಸರ ದನಿ ಹೊರಗೆ ಕೇಳಿಸುತ್ತಿದೆ, ಇದು ದೀನಿಗೆ ಸಲ್ಲದ್ದು ಎಂದು ದೊಡ್ಡ ದನಿಯಲ್ಲಿ ಹೇಳಿದ. ತಟ್ಟುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಅವರು ಸುತ್ತ ನೋಡಿದರು. ಯಾರಾದರೂ ಒಂದು ಮಾತು ಹೇಳುತ್ತಾರೋ ಎಂದು ನೋಡಿರಬೇಕು. ನಾವು ಆಗ ಕಾಲೇಜಿಗೆ ಹೋಗುತ್ತಿದ್ದವರು. ವಾರದ ತರಗತಿಗಳಿಗೆ ಹೋಗಿ, ಪುಸ್ತಕ ಓದಿ, ನಮ್ಮ ಹಿರಿಯರಿಗಿಂತ ನಮಗೆ ದೀನ್ ಚೆನ್ನಾಗಿ ಗೊತ್ತಿದೆ ಎಂಬ ಹೆಮ್ಮೆಯಲ್ಲಿದ್ದವರು. "ಅವರು ಹೇಳಿದ್ದು ಸರಿಯಲ್ಲವಾ ಅಜ್ಜೀ" ಎಂದದ್ದು ನಾವು. ಇಬ್ಬರಲ್ಲಿ ಯಾರು ಎಂದು ಇಷ್ಟು ವರ್ಷ ವಾದ ಮಾಡಿದ್ದೇವೆ. ಒಬ್ಬಳು ಹೇಳಿದಳು, ಇನ್ನೊಬ್ಬಳು ತಲೆಯಾಡಿಸಿದಳು, ಅಷ್ಟೇ ವ್ಯತ್ಯಾಸ.

ಅಜ್ಜಿ ಮತ್ತೆ ಹಾಡಲಿಲ್ಲ. ಮದುವೆಗಳಲ್ಲಿ ಮಾತ್ರವಲ್ಲ, ತೊಟ್ಟಿಲು ತೂಗುವಾಗಲೂ ಹಾಡಲಿಲ್ಲ. ನಮ್ಮ ಮಕ್ಕಳನ್ನು ಸಲಾತ್ ಹೇಳಿ ಮಲಗಿಸುತ್ತಿದ್ದರು. ಅದು ಒಳ್ಳೆಯದೇ. ಆದರೆ ಅವರು ಸಿಟ್ಟಿನಿಂದ ನಿಲ್ಲಿಸಿದರೋ, ನಿಜವಾಗಿ ಹೆದರಿ ನಿಲ್ಲಿಸಿದರೋ ಎಂದು ನಾವು ಕೇಳಲೇ ಇಲ್ಲ. ಕೆಲವು ವರ್ಷಗಳಲ್ಲಿ ಅದೇ ಮನೆಗಳ ಮದುವೆಗೆ ಮಂಟಪದ ಗೋಡೆ ನಡುಗುವಂತೆ ಸಿನಿಮಾ ಹಾಡಿನ ಧ್ವನಿಪೆಟ್ಟಿಗೆಗಳು ಬಂದವು. ಅವುಗಳ ಬಾಗಿಲಲ್ಲಿ ನಿಂತು ಯಾರೂ ಏನೂ ಹೇಳಿದ್ದನ್ನು ನಾವು ಕಾಣೆವು. ಅಜ್ಜಿಯ ದನಿ ಒಂದು ಕ್ಯಾಸೆಟ್ಟಿನಲ್ಲೂ ಇಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಗಲ್ಫಿನಿಂದ ಬಂದದ್ದು, ಧ್ವನಿಮುದ್ರಣದ ಕೆಂಪು ಗುಂಡಿಯೂ ಇತ್ತು.

ಹಾಡು, ವಾದ್ಯಗಳ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯವಿರುವುದು ನಮಗೆ ತಿಳಿಯದ್ದಲ್ಲ. ಅದನ್ನು ತೀರ್ಮಾನಿಸುವ ವಿದ್ವತ್ತು ನಮ್ಮದಲ್ಲ. ಈದ್ ದಿನ ಆಯಿಶಾ(ರ)ರ ಕೋಣೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದನ್ನು ಅಬೂಬಕರ್(ರ) ಗದರಿದಾಗ, ಅವರನ್ನು ಬಿಡಿ, ಇದು ಈದ್ ಎಂದು ಪ್ರವಾದಿ(ಸ) ತಡೆದ ಹದೀಸ್ ಬುಖಾರಿಯಲ್ಲಿದೆ. ಆ ಯುವಕನಿಗೂ ಅದು ಗೊತ್ತಿದ್ದಿರಬಹುದು. ನಮಗಂತೂ ಗೊತ್ತಿತ್ತು. ಆ ರಾತ್ರಿ ನೆನಪಿಗೆ ಬರಲಿಲ್ಲ.

ಇದನ್ನೆಲ್ಲ ನಾವು ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುತ್ತಾ ಬೀಗೆ ಹೇಳಿದೆವು. ಬೀ ಸಮಾಧಾನ ಹೇಳಲಿಲ್ಲ. "ಇಲ್ಲಿಯೂ ಹೇಳುವವರಿದ್ದಾರೆ. ನನ್ನ ಮಗನೇ ಇದ್ದಾನೆ" ಎಂದರು. "ಅವನು ಒಳಗೆ ಬರುವುದಿಲ್ಲ. ನಾನು ಮನೆಯಲ್ಲಿ ಕೂರುವುದಿಲ್ಲ. ಕರೆತಂದು ಬಿಡುತ್ತಾನೆ, ಬಂದು ಕರೆದುಕೊಂಡು ಹೋಗುತ್ತಾನೆ. ಹನ್ನೊಂದು ಎಂದರೆ ಹನ್ನೊಂದು." ಹೇಳಿದಂತೆಯೇ ಹನ್ನೊಂದಕ್ಕೆ ಕಾರು ಬಾಗಿಲಲ್ಲಿತ್ತು. ದಾರಿಯುದ್ದಕ್ಕೂ ತಾಯಿ ಮಗ ಟೊಮೆಟೊ ಬೆಲೆಯ ಬಗ್ಗೆ ಮಾತಾಡಿದರು.

ಕೊನೆಯ ದಿನ ಕಾಂಗಾ ಕೊಳ್ಳಲು ಹೋದೆವು. ಹೆಂಗಸರು ಉಡುವ, ಹೊದೆಯುವ, ಮಗುವನ್ನು ಬೆನ್ನಿಗೆ ಕಟ್ಟುವ ಹತ್ತಿಯ ಬಟ್ಟೆ ಅದು. ಜೋಡಿಯಾಗಿ ಮಾರುತ್ತಾರೆ. ಅಂಚಿನ ಮೇಲ್ಗಡೆ ಸ್ವಾಹಿಲಿಯಲ್ಲಿ ಒಂದು ಮಾತು ಅಚ್ಚಾಗಿರುತ್ತದೆ. ಬಣ್ಣ ನೋಡಿ ಕೊಂಡರೆ ಎಡವಟ್ಟಾಗುತ್ತದೆ ಎಂದು ಬೀ ಮೊದಲೇ ಎಚ್ಚರಿಸಿದ್ದರು. ಅತ್ತೆಗೆಂದು ಒಯ್ದ ಕಾಂಗಾದಲ್ಲಿ ಅತ್ತೆಯನ್ನೇ ಚುಚ್ಚುವ ಮಾತಿದ್ದರೆ? ಅಂಗಡಿಯವನಿಂದ ಒಂದೊಂದರ ಅರ್ಥ ಕೇಳಿ ಆರಿಸಿದೆವು. ಉಮ್ಮನಿಗೆ ಸಿಕ್ಕಿದ್ದು 'ಹರಾಕಾ ಹರಾಕಾ ಹೈನಾ ಬರಾಕಾ', ಅವಸರದ ಕೆಲಸಕ್ಕೆ ಬರ್ಕತ್ತಿಲ್ಲ ಎಂದು. ಅರ್ಧ ಕಿಲೋ ಲವಂಗವನ್ನೂ ಕೊಂಡೆವು. ಉಗುರಿನಿಂದ ಒತ್ತಿ ನೋಡಿ.

ಫೆರಿಯಲ್ಲಿ ಮರಳುವಾಗ ಅಜ್ಜಿಯ ಒಂದು ಹಾಡನ್ನು ನೆನಪಿಸಿಕೊಳ್ಳಲು ಕೂತೆವು. ಧಾಟಿ ಇಬ್ಬರಿಗೂ ಬರುತ್ತಿತ್ತು. ಮಾತು ಮೂರನೇ ಸಾಲಿಗೆ ನಿಂತಿತು. ಅಲ್ಲಿಂದ ಮುಂದೆ ಒಬ್ಬಳ ನೆನಪಿನಲ್ಲಿ ಮದುಮಗಳ ಕಾಲ್ಗೆಜ್ಜೆ, ಇನ್ನೊಬ್ಬಳ ನೆನಪಿನಲ್ಲಿ ಬೀಗರು ತಂದ ಮೀನು. ಸಮುದ್ರ ಸ್ವಲ್ಪ ಜೋರಿತ್ತು. ಚಿಕ್ಕವಳಿಗೆ ವಾಂತಿ ಬರುವಂತಾಗಿ ಅದನ್ನು ಅಲ್ಲಿಗೇ ಬಿಟ್ಟೆವು.

ಏಪ್ರಿಲಿನಲ್ಲಿ ಈದ್‌ಗೆ ಊರಿಗೆ ಬಂದಾಗ ಉಮ್ಮನಿಗೆ ಕಾಂಗಾ ಕೊಟ್ಟು, ಎಲ್ಲವನ್ನೂ ಹೇಳಿದೆವು. ಹಾಡು ಕೇಳಲು ಹೋದದ್ದನ್ನೂ, ನೋಟು ಹಿಡಿದು ಎದ್ದದ್ದನ್ನೂ. ಉಮ್ಮ ಬಟ್ಟೆಯ ಅಂಚನ್ನು ತಿರುವಿ ಹೊಲಿಗೆ ನೋಡುತ್ತಾ ಕೂತಿದ್ದರು. ಆ ಹಾಡಿನ ಮೂರನೇ ಸಾಲಿನ ನಂತರ ಏನು ಎಂದು ಕೇಳಿದೆವು. "ನನಗೆಲ್ಲಿ ಬರುತ್ತದೆ ಅದೆಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಬಾಗಿಲು ಹಾಕಿ" ಎಂದರು. ಹಾಕಿದೆವು. ದೊಡ್ಡವಳು ಮೊಬೈಲ್ ಎತ್ತಿದ್ದನ್ನು ನೋಡಿ, "ಅದನ್ನು ಆಚೆ ಇಡು" ಎಂದರು. ಇಟ್ಟೆವು.

ಮೀನೂ ಇತ್ತು, ಗೆಜ್ಜೆಯೂ ಇತ್ತು. ಒಟ್ಟು ಏಳು ಸಾಲು ಬಂದವು, ನಡುವೆ ಒಂದು ಬಿಟ್ಟುಹೋಗಿದೆ ಎಂದು ಉಮ್ಮನೇ ಹೇಳಿದರು. ಅವರು ವುಝೂ ಮಾಡಲು ಎದ್ದು ಹೋದ ಕೂಡಲೇ ಕಾಂಗಾದ ಲೆಕ್ಕ ಬರೆದಿಟ್ಟ ಪುಸ್ತಕದ ಹಿಂದಿನ ಹಾಳೆಯಲ್ಲಿ 7 ಸಾಲನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡೆವು. ಬಿಟ್ಟುಹೋದ ಸಾಲಿಗೆ ಜಾಗ ಖಾಲಿ ಬಿಟ್ಟಿದ್ದೇವೆ. ಬಂಟ್ವಾಳದ ಕಡೆ ಅಜ್ಜಿಯ ಜೊತೆ ಹಾಡುತ್ತಿದ್ದ ಒಬ್ಬರು ಇನ್ನೂ ಇದ್ದಾರಂತೆ. ಕಿವಿ ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲವಂತೆ.